ಬೂಟಿನೊಳಗಿನ ನೀರು

ಚಳಿಗಾಲದಲ್ಲಿ ಬೆಟ್ಟದ ಕಚ್ಚಾ ಹಾದಿಗಳಲ್ಲಿ ಸೈಕಲ್ ತುಳಿಯುವವರಿಗೆಂದು ಮಾರುವ ಬೂಟಿನ ಪೆಟ್ಟಿಗೆಯ ಮೇಲೆ ಮೊದಲು ಕಣ್ಣಿಗೆ ಬೀಳುವ ಮಾತು ‘ವಾಟರ್‌ಪ್ರೂಫ್’. ಬೆಚ್ಚಗಿಡುತ್ತದೆಯೇ, ಪೆಡಲಿನ ಮೇಲೆ ಹಿಡಿತ ಹೇಗಿದೆ ಎಂಬುದೆಲ್ಲ ಆಮೇಲಿನದು. ಹೊರಗಿನ ನೀರು ಒಳಗೆ ಬಾರದಿದ್ದರೆ ಕಾಲು ತಾನಾಗಿಯೇ ಬೆಚ್ಚಗಿರುತ್ತದೆ ಎಂಬುದು ಆ ಮಾತಿನ ಹಿಂದಿರುವ ಲೆಕ್ಕ. ಇನ್ನೂರು ವರ್ಷಗಳ ಬೂಟಿನ ಚರಿತ್ರೆಯನ್ನು ತಿರುವಿಹಾಕಿದರೆ ಈ ಲೆಕ್ಕ ತಾಳೆಯಾಗುವುದಿಲ್ಲ. ಕಾಲನ್ನು ಮರಗಟ್ಟಿಸಿದ್ದು, ಎಷ್ಟೋ ಸಲ ಬೆರಳುಗಳನ್ನೇ ಕಳೆದದ್ದು, ಹೊರಗಿನ ಮಳೆ ಹಿಮಗಳಷ್ಟೇ ಅಲ್ಲ; ಕಾಲು ತಾನೇ ಸುರಿಸಿದ ಬೆವರು, ಮತ್ತು ಆ ಬೆವರಿಗೆ ದಾರಿ ಕೊಡದ ಬಿಗಿ ಬೂಟು.

ರಬ್ಬರಿನಿಂದ ಶುರುಮಾಡೋಣ. ಅಮೆಜಾನ್ ಕಾಡಿನ ಮೂಲನಿವಾಸಿಗಳು ಮರದ ಹಾಲನ್ನು ಕಾಲಿನಾಕಾರದ ಮಣ್ಣಿನ ಅಚ್ಚಿನ ಮೇಲೆ ಪದರಪದರವಾಗಿ ಬಳಿದು, ಹೊಗೆ ಕೊಟ್ಟು ಒಣಗಿಸಿ, ಕೊನೆಗೆ ಒಳಗಿನ ಅಚ್ಚನ್ನು ಒಡೆದು ತೆಗೆದು ಬೂಟು ಮಾಡುತ್ತಿದ್ದರು. 1820ರ ದಶಕದಲ್ಲಿ ಇವು ಬ್ರೆಜಿಲಿನ ಪಾರಾ ಬಂದರಿನಿಂದ ಹಡಗೇರಿ ಬಾಸ್ಟನ್ ಪೇಟೆಗೆ ಬಂದವು. ಹನಿ ನೀರನ್ನೂ ಒಳಬಿಡದ ಬೂಟು ಎಂದು ಜನ ಮುಗಿಬಿದ್ದು ಕೊಂಡರು. ಆದರೆ ಚಳಿ ಬಿದ್ದಾಗ ಅದು ಹಲಗೆಯಂತೆ ಸೆಟೆದುಕೊಳ್ಳುತ್ತಿತ್ತು, ಬೇಸಗೆಯಲ್ಲಿ ಅಂಟಂಟಾಗಿ ಕರಗುತ್ತಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿಧಾನ ಕಂಡುಕೊಂಡ, 1844ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹೊರಗಿನ ನೀರನ್ನು ತಡೆಯುವ ಕೆಲಸ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು ಎನ್ನಬೇಕು. ಸಮಸ್ಯೆ ಅಷ್ಟೇ ಆಗಿದ್ದರೆ ಮುಂದಿನ ನೂರು ವರ್ಷಗಳಲ್ಲಿ ಚಳಿಗೆ ಕಾಲು ಕಳೆದುಕೊಂಡವರ ಸಂಖ್ಯೆ ಅಷ್ಟು ದೊಡ್ಡದಾಗುತ್ತಿರಲಿಲ್ಲ.

ರಬ್ಬರಿನ ಸೋಂಕೇ ಇಲ್ಲದ ಉತ್ತರ ಧ್ರುವದಂಚಿನ ಜನ ಈ ಕೆಲಸವನ್ನು ಬೇರೆ ಕಡೆಯಿಂದ ಹಿಡಿದಿದ್ದರು. ಸ್ಕ್ಯಾಂಡಿನೇವಿಯಾದ ಸಾಮಿ ಜನರ ಜಿಂಕೆ ಚರ್ಮದ ಪಾದರಕ್ಷೆ ನೀರಿಗೆ ಅಭೇದ್ಯವೇನಲ್ಲ. ಅದರ ಗುಟ್ಟು ಒಳಗೆ ತುಂಬುವ ಒಣಹುಲ್ಲು. ಜೌಗಿನಲ್ಲಿ ಬೆಳೆಯುವ ಒಂದು ಜಾತಿಯ ಜೊಂಡನ್ನು ಕೊಯ್ದು, ಬಡಿದು ಮೆದುಮಾಡಿ, ಕಾಲಿನ ಸುತ್ತ ಗೂಡಿನಂತೆ ಸುತ್ತಿ ಪಾದರಕ್ಷೆಯೊಳಗೆ ಇಳಿಸುತ್ತಿದ್ದರು. ಹಗಲೆಲ್ಲ ಹುಲ್ಲು ಬೆವರನ್ನು ಹೀರುತ್ತದೆ. ರಾತ್ರಿ ಹೊರಗೆಳೆದು ಒಣಗಿಸಿದರೆ ಬೆಳಗ್ಗೆ ಹೊಸ ಬೂಟು. ದಕ್ಷಿಣ ಧ್ರುವಕ್ಕೆ ಹೊರಟ ಸ್ಕಾಟ್‌ನ ತಂಡದವರೂ ಇದೇ ಪಾದರಕ್ಷೆ, ಇದೇ ಹುಲ್ಲು ಒಯ್ದಿದ್ದರು. ಅವರಿಗಿಂತ ಮೊದಲೇ, 1911ರ ಡಿಸೆಂಬರಿನಲ್ಲಿ, ಧ್ರುವ ಮುಟ್ಟಿದ ಅಮುಂಡ್ಸೆನ್ ತಂಡವಂತೂ ಅದಕ್ಕೆ ಮುಂಚಿನ ಚಳಿಗಾಲದಲ್ಲಿ ಗುಡಿಸಲಲ್ಲಿ ಕೂತು ತಮ್ಮ ಸ್ಕೀ ಬೂಟುಗಳನ್ನು ಮತ್ತೆ ಮತ್ತೆ ಬಿಚ್ಚಿ, ಹಿಗ್ಗಿಸಿ, ಮರಳಿ ಹೊಲಿದುಕೊಂಡಿತು. ಇನ್ನೊಂದು ಜೊತೆ ಕಾಲುಚೀಲಕ್ಕೆ ಜಾಗ ಬೇಕಿತ್ತು, ಅಷ್ಟೇ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ ಎಂಬ ಅಂಕಿ ಅವರ ಬಾಯಲ್ಲಿ ಇದ್ದಿತೋ ಇಲ್ಲವೋ, ಅವರ ಸೂಜಿದಾರಕ್ಕೆ ಗೊತ್ತಿತ್ತು. ಕಂಬಳಿಕೊಪ್ಪೆ ಹಾಕಿಕೊಂಡು ಆಷಾಢದ ಮಳೆಯಲ್ಲಿ ನಾಟಿಗಿಳಿದ ಮಲೆನಾಡಿನವರಿಗೂ ಇದರ ಇನ್ನೊಂದು ಮುಖ ಗೊತ್ತು: ಉಣ್ಣೆ ನೆನೆಯುತ್ತದೆ, ಮೈ ಮಾತ್ರ ಬೇಗ ಕೊರೆಯುವುದಿಲ್ಲ.

ಅಮುಂಡ್ಸೆನ್ ಬೂಟು ಹೊಲಿಯುತ್ತಿದ್ದ ವರ್ಷವೇ ಅಮೆರಿಕದ ಮೇನ್ ರಾಜ್ಯದಲ್ಲಿ ಲಿಯಾನ್ ಲಿಯಾನ್‌ವುಡ್ ಬೀನ್ ಎಂಬ ಬೇಟೆಗಾರ ರಬ್ಬರಿನ ತಳಕ್ಕೆ ಚರ್ಮದ ಮೇಲ್ಭಾಗವನ್ನು ಹೊಲಿಸಿ ಒಂದು ಬೂಟು ಮಾಡಿಸಿದ. 1912ರಲ್ಲಿ ಅಂಚೆ ಮೂಲಕ ಮಾರಿದ ಮೊದಲ 100 ಜೊತೆಗಳಲ್ಲಿ 90 ಹೊಲಿಗೆ ಬಿಟ್ಟು ವಾಪಸು ಬಂದವು, ಬೀನ್ ಅಷ್ಟಕ್ಕೂ ಹಣ ಹಿಂದಿರುಗಿಸಿದ ಎಂಬ ಕತೆಯನ್ನು ಆತನ ಕಂಪನಿ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಈ ಬಗೆಯ ಬೂಟಿನ ವಂಶಸ್ಥ ‘ಶೂಪ್ಯಾಕ್’ ಮುಂದೆ ಅಮೆರಿಕನ್ ಸೈನ್ಯದ ಕಾಲಿಗೇರಿತು. ಅದರ ನಿಜವಾದ ಪರೀಕ್ಷೆ ನಡೆದದ್ದು 1950ರ ನವೆಂಬರ್-ಡಿಸೆಂಬರಿನಲ್ಲಿ, ಉತ್ತರ ಕೊರಿಯಾದ ಚೋಸಿನ್ ಜಲಾಶಯದ ಸುತ್ತಲಿನ ಗುಡ್ಡಗಳಲ್ಲಿ. ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿದಿತ್ತು. ಹೊರಗಿನ ಹಿಮ ಬೂಟಿನ ತಳದೊಳಗೆ ನುಸುಳಲಿಲ್ಲ. ಆದರೆ ಭಾರ ಹೊತ್ತು ಗುಡ್ಡ ಹತ್ತಿದ ಸೈನಿಕನ ಕಾಲು ರಬ್ಬರಿನೊಳಗೆ ಬೆವತು ತೊಯ್ದುಹೋಗುತ್ತಿತ್ತು. ಕಂದಕದಲ್ಲಿ ಕದಲದೆ ಕುಳಿತ ಗಳಿಗೆಯಿಂದ ಅದೇ ಬೆವರು ಕಾಲುಚೀಲದಲ್ಲಿ, ಒಳ ಅಟ್ಟೆಯಲ್ಲಿ ಮಂಜುಗಡ್ಡೆಯಾಗುತ್ತಿತ್ತು. ಸಾವಿರಾರು ಜನ ಚಳಿಯ ಗಾಯದಿಂದ ಯುದ್ಧಭೂಮಿ ಬಿಡಬೇಕಾಯಿತು.

ಅದಕ್ಕೆ ಸೈನ್ಯ ಕಂಡುಕೊಂಡ ಉತ್ತರ ನನ್ನ ಮಟ್ಟಿಗೆ ಬೂಟಿನ ಚರಿತ್ರೆಯಲ್ಲೇ ಅತ್ಯಂತ ಬುದ್ಧಿವಂತ ಪುಟ. 1951-52ರ ಚಳಿಗಾಲದ ಹೊತ್ತಿಗೆ ಕೊರಿಯಾಕ್ಕೆ ಬಂದ ಹೊಸ ಬೂಟು ನೋಡಲು ಎಷ್ಟು ಉಬ್ಬಿಕೊಂಡಿತ್ತೆಂದರೆ ಸೈನಿಕರು ಅದಕ್ಕೆ ‘ಮಿಕ್ಕಿ ಮೌಸ್ ಬೂಟು’ ಎಂದು ಹೆಸರಿಟ್ಟರು. ಅದರಲ್ಲಿ ರಬ್ಬರು ಹೊರಗೂ ಇತ್ತು, ಒಳಗೂ ಇತ್ತು. ನಡುವೆ ಉಣ್ಣೆ, ಉಣ್ಣೆಯಲ್ಲಿ ಸಿಕ್ಕಿಬಿದ್ದ ಗಾಳಿ. ಎರಡೂ ರಬ್ಬರುಗಳನ್ನು ಅಂಚಿನಲ್ಲಿ ಬೆಸೆದು ನಡುವಿನ ಉಣ್ಣೆಯನ್ನು ಸಂಪೂರ್ಣ ಮುಚ್ಚಿಬಿಟ್ಟಿದ್ದರು. ಅಂದರೆ ಬೆವರು ಹೊರಹೋಗಲಿ ಎಂಬ ಆಸೆಯನ್ನೇ ಕೈಬಿಟ್ಟಿದ್ದರು. ಕಾಲು ಒದ್ದೆಯಾಗುತ್ತದೆ, ಆಗಲಿ; ಬೆಚ್ಚಗಿಡುವ ಪದರ ಮಾತ್ರ ಒದ್ದೆಯಾಗಕೂಡದು. ಹೊಳೆ ದಾಟುವಾಗ ಬೂಟಿನ ಬಾಯಿಂದಲೇ ನೀರು ನುಗ್ಗಿದರೂ ಬೋರಲು ಹಾಕಿ ಸುರಿದು, ಕಾಲುಚೀಲ ಹಿಂಡಿ ಅಥವಾ ಬದಲಿಸಿ ಮತ್ತೆ ಮೆಟ್ಟಿದರೆ ಸ್ವಲ್ಪ ಹೊತ್ತಿನಲ್ಲೇ ಕಾಲು ಬೆಚ್ಚಗಾಗುತ್ತಿತ್ತು. ಇದರ ಬಿಳಿಯ ತಮ್ಮ, ಅಲಾಸ್ಕದಲ್ಲಿ ಇಂದಿಗೂ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುವ ‘ಬನ್ನಿ ಬೂಟು’, ಸೊನ್ನೆಗಿಂತ 54 ಡಿಗ್ರಿ ಕೆಳಗಿನ ಚಳಿಗೆಂದು ಮಾಡಿದ್ದು. ಅದರ ಪಕ್ಕದಲ್ಲಿ ಗುಬುಟಿನಂಥ ಒಂದು ಪುಟ್ಟ ವಾಲ್ವ್ ಕಾಣುತ್ತದೆ: ವಿಮಾನದಲ್ಲಿ ಮೇಲೇರಿದಾಗ ಒಳಗಿನ ಗಾಳಿ ಹಿಗ್ಗಿ ಬೂಟು ಬಿರಿಯದಿರಲೆಂದು.

1953ರ ಎವರೆಸ್ಟ್ ಆರೋಹಿಗಳ ಬೂಟಿನಲ್ಲೂ ಇದೇ ತರ್ಕವಿತ್ತು. ತೆಳು ಚರ್ಮದ ಹೊರಮೈ, ಬೂರುಗದ ಹತ್ತಿಯಂಥ ಕಪೋಕ್ ನಾರಿನ ದಪ್ಪ ಪದರ, ಅದರೊಳಗೆ ಬೆವರು ನಾರಿಗೆ ತಾಗದಂತೆ ನೀರು ತಡೆಯುವ ಅಸ್ತರಿ. ಆದರೂ ಮೇ 29ರ ಬೆಳಗ್ಗೆ ಕೊನೆಯ ಡೇರೆಯಲ್ಲಿ ಎದ್ದ ಹಿಲರಿಗೆ, ರಾತ್ರಿ ಕಳಚಿಟ್ಟಿದ್ದ ಬೂಟುಗಳು ಕಲ್ಲಾಗಿರುವುದು ಕಂಡಿತು. ಸ್ಟೌವಿನ ಉರಿಯ ಮೇಲೆ ಅವನ್ನು ಹಿಡಿದು, ಸುಟ್ಟ ಚರ್ಮದ ವಾಸನೆಯ ನಡುವೆ ಮೆದುಮಾಡಿಕೊಂಡ ಮೇಲೆಯೇ ಆತ ಹೊರಟದ್ದು. ತೇನ್‌ಸಿಂಗ್ ತಮ್ಮ ಬೂಟು ಕಳಚಿರಲೇ ಇಲ್ಲ. ಮುಂದೆ ಪರ್ವತಾರೋಹಿಗಳು ಎರಡು ತುಂಡಿನ ಬೂಟಿಗೆ ಹೊರಳಿದ್ದು ಈ ತೊಂದರೆಗೇ: ಹೊರಗಿನ ಚಿಪ್ಪು ಡೇರೆಯ ಮೂಲೆಯಲ್ಲಿ, ಒಳಗಿನ ಮೆತ್ತೆ ಮಲಗುವ ಚೀಲದೊಳಗೆ. ಸಾಮಿ ಜನರ ಹುಲ್ಲು ಬೇರೆ ವೇಷದಲ್ಲಿ ಮರಳಿತ್ತು.

ಸೈಕಲ್ಲಿನ ಕತೆ ಇದಕ್ಕೆ ಬಹಳ ತಡವಾಗಿ ಬಂದು ಸೇರುತ್ತದೆ, ಅದೂ ಬಿಸಿಲಿನ ನಾಡಿನಿಂದ. 1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯ ಗುಡ್ಡದಲ್ಲಿ ‘ರೀಪ್ಯಾಕ್’ ಇಳಿಜಾರು ಓಟ ಶುರುವಾದಾಗ ಸವಾರರ ಕಾಲಲ್ಲಿದ್ದದ್ದು ಮಾಮೂಲು ಕೆಲಸದ, ಚಾರಣದ ಬೂಟುಗಳು. 1990ರಲ್ಲಿ ಶಿಮಾನೊ ಕಂಪನಿ ಬೂಟನ್ನು ಪೆಡಲಿಗೆ ಸಿಕ್ಕಿಸುವ ಎಸ್‌ಪಿಡಿ ವ್ಯವಸ್ಥೆ ತಂದ ಮೇಲೆ ಬಿಗಿಯಾದ, ತೆಳುವಾದ, ಅಟ್ಟೆಗೆ ಲೋಹದ ತುಂಡು ಬಿಗಿದ ಬೂಟು ಗಂಭೀರ ಸವಾರನ ಗುರುತಾಯಿತು. ಆರೋಹಿಗಳು ಕಷ್ಟಪಟ್ಟು ಕಳೆದುಕೊಂಡದ್ದನ್ನು ಸೈಕಲ್ ಸವಾರರು ಹೀಗೆ ಮತ್ತೆ ಕಾಲಿಗೆ ಕಟ್ಟಿಕೊಂಡರು. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಜನ ಸಂಗಡಿಗರು ಸತ್ತ ದುರಂತದ ನಂತರ ಇಟಲಿಯ ವಿಟಾಲೆ ಬ್ರಮಾನಿ ಬೂಟಿನ ಅಟ್ಟೆಯಿಂದ ಕಬ್ಬಿಣದ ಮೊಳೆಗಳನ್ನು ತೆಗೆದು 1937ರಲ್ಲಿ ದಪ್ಪ ಹಲ್ಲಿನ ರಬ್ಬರ್ ಅಟ್ಟೆ ತಂದದ್ದೇ ವೈಬ್ರಮ್. ಮೊಳೆಗಳು ಬಂಡೆಯ ಮೇಲೆ ಜಾರುವುದರ ಜೊತೆಗೆ ಕಾಲಿನ ಶಾಖವನ್ನೂ ಹೊರಗೆ ಸಾಗಿಸುತ್ತಿದ್ದವು. ಚಪ್ಪಟೆ ಪೆಡಲಿನಲ್ಲಿ ಲೋಹದ ಪಿನ್ನುಗಳು ಪೆಡಲಿನ ಮೇಲಿರುತ್ತವೆ, ಬೂಟಿನೊಳಗಲ್ಲ. ಅಟ್ಟೆ ಎಷ್ಟು ದಪ್ಪವಾದರೂ ಬೂಟು ಎಷ್ಟು ಅಗಲವಾದರೂ ಅದು ತಕರಾರು ಮಾಡುವುದಿಲ್ಲ. ಚಳಿಗಾಲಕ್ಕೆ ಚಪ್ಪಟೆ ಪೆಡಲೇ ಮೇಲು ಎಂಬುದಕ್ಕೆ ನನಗೆ ಇಷ್ಟು ಸಾಕ್ಷ್ಯ ಸಾಕು.

ಚಪ್ಪಟೆ ಪೆಡಲಿನ ಬೂಟಿಗೂ ಅದರದೇ ಹುಟ್ಟುಗುಣವಿದೆ. 1966ರಲ್ಲಿ ಅನಹೈಮ್‌ನಲ್ಲಿ ಶುರುವಾದ ವ್ಯಾನ್ಸ್ ಕಂಪನಿಯ ಸ್ಕೇಟ್‌ಬೋರ್ಡ್ ಬೂಟಿನ ಸಪಾಟು ಅಟ್ಟೆ, 1985ರಲ್ಲಿ ಚಾರ್ಲ್ಸ್ ಕೋಲ್ ಬಂಡೆ ಹತ್ತುವವರಿಗೆಂದು ಹುಟ್ಟುಹಾಕಿದ ಫೈವ್ ಟೆನ್ ಕಂಪನಿಯ ಅಂಟುಗುಣದ ಸ್ಟೆಲ್ತ್ ರಬ್ಬರು, ಇವೆರಡೂ ಸೇರಿ ಅದು ಆಯಿತು. ಸ್ಯಾಮ್ ಹಿಲ್ 2017ರಿಂದ 2019ರವರೆಗೆ ಸತತ ಮೂರು ವರ್ಷ ಎಂಡ್ಯೂರೊ ವಿಶ್ವ ಸರಣಿ ಗೆದ್ದದ್ದು ಚಪ್ಪಟೆ ಪೆಡಲಿನ ಮೇಲೆಯೇ. ಆದರೆ ಇಂಥ ಮೆದು ರಬ್ಬರು ಚಳಿಗೆ ಬೇಗ ಬಿರುಸಾಗುತ್ತದೆ. ಪಾರಾದಿಂದ ಬಂದ ಬೂಟಿನ ಹಳೆಯ ಕಾಯಿಲೆ ಸೌಮ್ಯವಾಗಿ ಮರುಕಳಿಸಿದಂತೆ. ಸಪಾಟು ಅಟ್ಟೆ ಪಿನ್ನಿಗೆ ಚೆನ್ನ, ಕೆಸರಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವಾಗ ಜಾರುತ್ತದೆ. ಚಳಿಗಾಲದ ಬೂಟು ಎರಡು ದೋಣಿಯ ಮೇಲೆ ಕಾಲಿಡಲೇಬೇಕು: ನಡುವೆ ಸಪಾಟು, ತುದಿಗೂ ಹಿಮ್ಮಡಿಗೂ ಹಲ್ಲು.

ಉಸಿರಾಡುವ ಪೊರೆ ಬಂದ ಮೇಲೆ ಈ ಹಳೆಯ ಪುರಾಣವೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 1969ರಲ್ಲಿ ರಾಬರ್ಟ್ ಗೋರ್ ಹಿಗ್ಗಿಸಿ ಸಾಧಿಸಿದ, 1976ರಿಂದ ಮಾರುಕಟ್ಟೆಗೆ ಬಂದ ಗೋರ್‌ಟೆಕ್ಸ್ ನೀರಿನ ಹನಿಯನ್ನು ತಡೆದು ಆವಿಯನ್ನು ಬಿಡುತ್ತದೆ ಎಂಬುದು ನಿಜವೇ. ಆದರೆ ಆವಿ ಸಾಗಬೇಕಾದರೆ ಒಳಗೆ ಬಿಸಿ, ಹೊರಗೆ ಒಣ ಗಾಳಿ, ನಡುವೆ ಸ್ವಚ್ಛ ದಾರಿ ಬೇಕು. ಹೊರಮೈ ಕೆಸರು ಮೆತ್ತಿ ನೆನೆದಾಗ ಆ ದಾರಿ ಕಟ್ಟುತ್ತದೆ. ಕಡು ಚಳಿಯಲ್ಲಿ ಆವಿ ಹೊರಬೀಳುವ ಮೊದಲೇ ಮೆತ್ತೆಯೊಳಗೆ ನೀರಾಗುತ್ತದೆ. ಕಣಕಾಲಿನ ಕೆಳಗೇ ನಿಲ್ಲುವ ಬೂಟಿನಲ್ಲಂತೂ ಪೊರೆ ಎಷ್ಟೇ ಗಟ್ಟಿಯಿರಲಿ, ಹಳ್ಳ ದಾಟುವಾಗ ಮೇಲಿನಿಂದ ಬಂದ ನೀರು ಚೊಂಬಿನಲ್ಲಿ ನಿಂತಂತೆ ನಿಲ್ಲುತ್ತದೆ. ಇನ್ನು ಕೆಲವರು, ಎರಡು ತಾಸಿನ ಸವಾರಿಗೆ ಧ್ರುವಯಾತ್ರೆಯ ಪಾಠ ಹೇಳುವುದು ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ: ಸೊನ್ನೆಯ ಆಸುಪಾಸಿನ ಚಳಿಯಲ್ಲಿ ಒಂದೇ ಸಮನೆ ತುಳಿಯುವವರಿಗೆ ಸಾಧಾರಣ ಪೊರೆಯ ಬೂಟೇ ಸಾಕು. ಆದರೆ ಏರು ಹತ್ತುವಾಗ ಬೆವತು, ಇಳಿಜಾರಿನಲ್ಲಿ ಕಾಲು ಕದಲಿಸದೆ ಗಾಳಿಗೊಡ್ಡಿ ಕೂರುವ ಈ ಆಟದ ಲಯ ಚೋಸಿನ್‌ನ ಸೈನಿಕನ ಲಯವೇ, ಪ್ರಮಾಣ ಚಿಕ್ಕದು ಅಷ್ಟೇ. ಸಡಿಲ ಬೂಟಿನಲ್ಲಿ ಪೆಡಲಿನ ಸ್ಪರ್ಶ ತಪ್ಪುತ್ತದೆ ಎಂಬ ಮೂರನೆಯ ಮಾತನ್ನು ನಾನು ಒಪ್ಪುತ್ತೇನೆ. ಹಿಮ್ಮಡಿ, ಪಾದದ ನಡು ಬಿಗಿಯಾಗಿರಲಿ. ಸಡಿಲವಿರಬೇಕಾದದ್ದು ಬೆರಳುಗಳ ಜಾಗ.

ಹಾಗಾಗಿ ಕೊಳ್ಳುವ ದಿನ ಚಳಿಗಾಲದ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಂಗಡಿಗೆ ಹೋಗಿ. ಬೂಟಿನೊಳಗೆ ಬೆರಳುಗಳು ಆಡಬೇಕು, ಬಾಯಿ ಕಣಕಾಲಿನ ಮೇಲೇರಬೇಕು, ಒಳ ಅಟ್ಟೆಯನ್ನಾದರೂ ಹೊರಗೆಳೆದು ಒಣಗಿಸಲು ಬರಬೇಕು. ಈ ಮೂರನ್ನು ನೋಡಿದ ಮೇಲೆ ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದಿ. ಬೆನ್ನಚೀಲದಲ್ಲಿ ಇನ್ನೊಂದು ಜೊತೆ ಒಣ ಕಾಲುಚೀಲ ಇರಲಿ.