ಲಾಂಚಿನ ಇಂಜಿನ್ನು, ಟ್ಯಾಪೆಟ್ಟಿನ ಸಂದು

ಸಿಗಂದೂರು ಚೌಡಮ್ಮನ ದರ್ಶನಕ್ಕೆ ಹೋಗಿ ಬಂದವರಿಗೆಲ್ಲ ಲಾಂಚ್ ಗೊತ್ತೇ ಐತೆ. ನಮ್ಮ ಚನ್ನಗಿರಿ ಕಡೆಯಿಂದ ಶಿವಮೊಗ್ಗ, ಸಾಗರ ದಾಟಿ ಅಂಬಾರಗೋಡ್ಲಿಗೆ ಹೋದ್ರೆ ಮುಂದಿನ ದಾರಿ ನೀರೇ ಆಗಿತ್ತು. ಬಸ್ಸು, ಕಾರು, ಜನ, ಕೈಗೂಸು ಎಲ್ಲಾನೂ ಒಂದೇ ಲಾಂಚ್ ಮೇಲೆ ಹತ್ತಿಸ್ಕೊಂಡು ಆ ದಡದ ಕಳಸವಳ್ಳಿಗೆ ಬಿಡ್ತಿದ್ರು. 2025ರ ಜುಲೈ 14ಕ್ಕೆ ಅಲ್ಲಿ ಸೇತುವೆ ಉದ್ಘಾಟನೆ ಆಯ್ತು, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ್ದು. ಸೇತುವೆ ವಿಷಯ ಪೇಪರಿನಾಗೆ ನೀವೆಲ್ಲ ಓದಿದೀರಿ. ಅದಕ್ಕೂ ಮುಂಚೆ ಅಷ್ಟು ವರ್ಷ ಜನರನ್ನ ದಾಟಿಸಿದ್ದು ಡೀಸೆಲ್ ಇಂಜಿನ್ನು. ಅದರ ಬಗ್ಗೆ, ಅದರಾಗೂ ಅದರೊಳಗಿನ ಒಂದು ಸಣ್ಣ ಸಂದಿನ ಬಗ್ಗೆ ಬರೀಬೇಕು ಅನ್ನಿಸ್ತು.

ಆ ನೀರು ಮೊದಲಿಂದ ಇದ್ದದ್ದಲ್ಲ ಕಣ್ರೀ. ಜೋಗದಾಗೆ ಕರೆಂಟ್ ತೆಗೆಯೋಕೆ ಅಂತ ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ರು, ಅದು 1948ರ ಹೊತ್ತಿಗೆ ಮುಗೀತು. ಆಮೇಲೆ 1964ಕ್ಕೆ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಹಳೇ ಅಣೆಕಟ್ಟೂ ಅದರ ನೀರಿನಾಗೆ ಮುಳುಗ್ತು. ಗದ್ದೆ, ತೋಟ, ದೇವಸ್ಥಾನ, ಊರಿಗೂರೇ ಮುಳುಗಿದ್ವು. ಸಾವಿರಾರು ಮನೆಯವರು ಗಂಟು ಕಟ್ಟಿಕೊಂಡು ಎದ್ದು ಹೋದ್ರು. ತುಮರಿ, ಬ್ಯಾಕೋಡು ಕಡೆ ಉಳಿದವರಿಗೆ ತಾಲ್ಲೂಕಾಫೀಸು, ದೊಡ್ಡಾಸ್ಪತ್ರೆ ಎಲ್ಲ ಸಾಗರದಾಗೆ, ನಡುವೆ ಹಿನ್ನೀರು. ಕತ್ತಲಾದ್ಮೇಲೆ ಲಾಂಚ್ ಇರ್ತಿರಲಿಲ್ಲ. ಬಸುರಿ ಹೆಂಗಸಿಗೆ ರಾತ್ರಿ ನೋವು ಬಂದ್ರೆ ಕಾಡುದಾರಿ ಸುತ್ಕೊಂಡು ಹೋಗಬೇಕಿತ್ತು, ಇಲ್ಲಾ ಬೆಳಗಾಗೋ ತನಕ ಕಾಯಬೇಕಿತ್ತು. ಅಂಥೋರಿಗೆ ಬೆಳಗಿನ ಮೊದಲ ಲಾಂಚು ಹೊತ್ತಿಗೆ ಸರಿಯಾಗಿ ಹೊರಡೋದು ಎಷ್ಟು ದೊಡ್ಡ ವಿಷಯ ಆಗಿತ್ತು, ಯೋಚ್ನೆ ಮಾಡಿ.

ಇಂಜಿನ್ ಬರೋಕೆ ಮುಂಚೆ ಹೊಳೆ ದಾಟೋದು ಅಂದ್ರೆ ತೆಪ್ಪ, ಹರಿಗೋಲು, ಇಲ್ಲಾ ಹುಟ್ಟು ಹಾಕೋ ದೋಣಿ. ನಮ್ಮ ತುಂಗಭದ್ರೆಯಾಗೂ ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲೇ ಇದ್ದದ್ದು. ಜರ್ಮನಿಯ ರುಡಾಲ್ಫ್ ಡೀಸೆಲ್ ಅನ್ನೋರು ತಮ್ಮ ಇಂಜಿನ್ನಿಗೆ ಪೇಟೆಂಟ್ ಪಡೆದಿದ್ದು 1893ರಾಗೆ, ಅದು ಸರಿಯಾಗಿ ಓಡಿದ್ದು 1897ಕ್ಕೆ. ನಮ್ಮ ನಾಡಿಗೆ ಅದನ್ನ ಹತ್ತಿರ ಮಾಡಿದೋರಲ್ಲಿ ಕಿರ್ಲೋಸ್ಕರ್ ಮನೆತನದವರು ದೊಡ್ಡೋರು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಾಗೆ, ನಮ್ಮ ಬೆಳಗಾವಿ ಸೀಮೆ ಗುರ್ಲಹೊಸೂರಿನಾಗೆ. ಬೆಳಗಾವಿಯಾಗೆ ಸೈಕಲ್ ಅಂಗಡಿ ಇಟ್ಟು ಶುರು ಮಾಡಿದೋರು. 1941ಕ್ಕೆ ನಮ್ಮ ಹರಿಹರದಾಗೆ ಲೇತ್ ಮಾಡೋ ಮೈಸೂರು ಕಿರ್ಲೋಸ್ಕರ್ ಬಂತು, 1946ಕ್ಕೆ ಪುಣೆಯಾಗೆ ಆಯಿಲ್ ಇಂಜಿನ್ ಕಂಪನಿ. ಆಮೇಲಾಮೇಲೆ ಗದ್ದೆ ಪಂಪಿಗೆ, ಹಿಟ್ಟಿನ ಗಿರಣಿಗೆ, ಕರಾವಳಿ ಮೀನುದೋಣಿಗೆ, ಎಲ್ಲದಕ್ಕೂ ಡೀಸೆಲ್ ಇಂಜಿನ್ನೇ.

ನಮ್ಮ ನಲ್ಲೂರಿನ ತೋಟದಾಗೂ ಹಳ್ಳದ ದಡದ ಮೇಲೆ ಒಂದಿತ್ತು. ಹ್ಯಾಂಡಲ್ ಹಾಕಿ ತಿರುಗಿಸಿ ಎಬ್ಬಿಸೋದು. ನಮ್ಮಪ್ಪ ಅದರ ಟ್ಯಾಪೆಟ್ ಸೆಟ್ ಮಾಡೋವಾಗ ಪಾನ, ಸ್ಕ್ರೂಡ್ರೈವರ್ ಕೊಡೋ ಕೆಲಸ ನಂದು. ಗದ್ದೆ ಇಂಜಿನ್ನಿಗೂ ಹಳೇ ದೋಣಿ ಇಂಜಿನ್ನಿಗೂ ಈ ಕೆಲಸದಾಗೆ ವ್ಯತ್ಯಾಸ ಇಲ್ಲ.

ಇಂಜಿನ್ನಿಗೆ ಎರಡು ಬಾಗ್ಲು ಅಂದ್ಕೊಳ್ರಿ. ಒಂದರಾಗೆ ಗಾಳಿ ಒಳಗೆ ಬರ್ತೈತೆ, ಇನ್ನೊಂದರಾಗೆ ಹೊಗೆ ಹೊರಗೆ ಹೋಗ್ತೈತೆ. ಅವಕ್ಕೇ ವಾಲ್ವ್ ಅನ್ನೋದು. ಮೇಲಿಂದ ರಾಕರ್ ಅನ್ನೋ ಕಬ್ಬಿಣದ ತೋಳು ಬಂದು ಒತ್ತಿದ್ರೆ ಬಾಗ್ಲು ತೆಗೀತೈತೆ, ಬಿಟ್ರೆ ಸ್ಪ್ರಿಂಗ್ ಎಳೆದು ಮುಚ್ಚುತ್ತೈತೆ. ನಿಮಿಷಕ್ಕೆ 1500 ಸುತ್ತು ತಿರುಗೋ ಇಂಜಿನ್ನಾಗೆ ಒಂದೊಂದು ಬಾಗ್ಲೂ ನಿಮಿಷಕ್ಕೆ 750 ಸಲ, ಗಂಟೆಗೆ 45,000 ಸಲ ತೆಗೆದು ಮುಚ್ಚಬೇಕು. ಕಬ್ಬಿಣ ಕಾದ್ರೆ ಉದ್ದ ಆಗ್ತೈತೆ. ಅದಕ್ಕೇ ತಣ್ಣಗಿರೋವಾಗ ಆ ತೋಳಿಗೂ ವಾಲ್ವಿನ ತುದಿಗೂ ನಡುವೆ ಚೂರು ಸಂದು ಬಿಟ್ಟಿರ್ತಾರೆ. ಇಂಜಿನ್ ಯಾವುದು ಅನ್ನೋದರ ಮೇಲೆ ಲೆಕ್ಕ ಬೇರೆ. ಬಹಳಷ್ಟಕ್ಕೆ ಒಂದು ಮಿಲಿಮೀಟರನ್ನ ಹತ್ತು ಪಾಲು ಮಾಡಿದ್ರೆ ಅದರಾಗೆ ಎರಡು ಮೂರು ಪಾಲು. ನಾಕೈದು ತಲೆಗೂದಲು ಒಂದರ ಮೇಲೊಂದು ಇಟ್ಟಷ್ಟೂ ಆಗಂಗಿಲ್ಲ.

ಸಂದು ಜಾಸ್ತಿ ಆದ್ರೆ ಟಕಟಕ ಅಂತ ಬಡೀತೈತೆ, ವಾಲ್ವ್ ಪೂರ್ತಿ ತೆಗೆಯೋಲ್ಲ, ಇಂಜಿನ್ನಿಗೆ ಉಸಿರು ಸಾಲಂಗಿಲ್ಲ. ಆದ್ರೆ ಕೇಳೋರಿಗೆ ತಕ್ಷಣ ಗೊತ್ತಾಗ್ತೈತೆ. ಸಂದು ಕಮ್ಮಿ ಆದ್ರೇ ಕಷ್ಟ. ಕಾದಾಗ ವಾಲ್ವ್ ಸರಿಯಾಗಿ ಕೂರಂಗಿಲ್ಲ. ಗ್ಯಾಸ್ಕೆಟ್ ಹೋದ ಕುಕ್ಕರ್ ಇದ್ದಂಗೆ ಒತ್ತಡ ಸೋರ್ತೈತೆ, ಬೆಂಕಿಯಂಥ ಹೊಗೆ ಅದೇ ಸಂದಿನಾಗೆ ನುಗ್ಗಿ ವಾಲ್ವಿನ ಅಂಚನ್ನ ಸುಡ್ತೈತೆ. ಇಷ್ಟೆಲ್ಲ ಆದ್ರೂ ಬಡಿಯೋ ಸದ್ದೇ ಬರಂಗಿಲ್ಲ, ಮೊದಲಿಗಿಂತ ಮೆತ್ತಗೇ ಓಡ್ತೈತೆ. "ಬಡ್ಕೊಳ್ಳೋದಕ್ಕೆ ಹೆದರಬೇಡ, ಸುಮ್ಮನಾಗಿದ್ದಕ್ಕೆ ಹೆದರು" ಅಂತಿದ್ರು ನಮ್ಮಪ್ಪ. ಬೆಳಿಗ್ಗೆ ಹ್ಯಾಂಡಲ್ ಹಗುರಾಗಿ ತಿರುಗಿದ್ರೆ ಅವರ ಮುಖ ಸಣ್ಣಗಾಗೋದು. ಒಳಗೆ ಒತ್ತಡ ನಿಂತಿದ್ರೆ ಕೈಗೆ ಎದುರು ಒತ್ತಬೇಕಲ್ಲ, ಅದಕ್ಕೆ. ಹೊಗೆ ಕೊಳವೆಯಾಗೆ ಪುಸ್ ಅಂದ್ರೆ ಹೊಗೆ ಕಡೆ ವಾಲ್ವ್ ಸೋರ್ತೈತೆ, ಗಾಳಿ ಫಿಲ್ಟರಿನಾಗೆ ಅಂದ್ರೆ ಗಾಳಿ ಕಡೆದು.

ಸೆಟ್ ಮಾಡೋದು ಹಿಂಗೆ: ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಫ್ಲೈವೀಲನ್ನ ಕೈಯಾಗೇ ತಿರುಗಿಸಿ ಎರಡೂ ವಾಲ್ವ್ ಮುಚ್ಚಿರೋ ಜಾಗಕ್ಕೆ ತರಬೇಕು. ಆವಾಗ ಎರಡು ತೋಳೂ ಸಡಿಲ ಅಲ್ಲಾಡ್ತಾವೆ. ಲಾಕ್ ನಟ್ ಸಡಿಲ ಮಾಡಿ, ಫೀಲರ್ ಗೇಜಿನ ತೆಳು ಎಲೆನ ಸಂದಿನಾಗೆ ಇಟ್ಟು ಸ್ಕ್ರೂ ತಿರುಗಿಸೋದು. ಎಲೆ ಸಲೀಸಾಗಿ ಜಾರಬಾರದು, ಸಿಕ್ಕಾಕೊಳ್ಳಲೂ ಬಾರದು, ಎಳೆದ್ರೆ ಚೂರು ತಡೆದು ಬರಬೇಕು. ಸ್ಕ್ರೂ ಅಲ್ಲಾಡದಂಗೆ ಹಿಡ್ಕೊಂಡು ನಟ್ ಬಿಗಿದು, ಮತ್ತೆ ಎಲೆ ಹಾಕಿ ನೋಡಲೇಬೇಕು, ಯಾಕಂದ್ರೆ ಬಿಗಿಯೋವಾಗ ಸಂದು ಬದಲಾಗ್ತೈತೆ. ಹಳೇ ಇಂಜಿನ್ನಾಗೆ ಇನ್ನೊಂದು ತೊಡಕು: ತೋಳಿನ ತುದಿ ಸವೆದು ಗುಂಡಿ ಬಿದ್ದಿದ್ರೆ ಎಲೆ ಗುಂಡಿ ಮೇಲೇ ಕೂತು ಸುಳ್ಳು ಲೆಕ್ಕ ಹೇಳ್ತೈತೆ. ಆವಾಗ ಕೈ, ಕಿವಿ ಎರಡೂ ಬೇಕು.

ಗದ್ದೆಯಾಗೆ ಇಂಜಿನ್ ನಿಂತ್ರೆ ನೀರು ನಿಲ್ತೈತೆ ಅಷ್ಟೇ. ಹಿನ್ನೀರಿನ ನಡುವೆ ನಿಂತ್ರೆ ಗಾಳಿ ಎಳೆದ ಕಡೆ ಹೋಗೋದು, ಮೇಲೆ ಬಸ್ಸು, ಮಕ್ಕಳು. ಅದಕ್ಕೇ ದೋಣಿ ಇಂಜಿನ್ನು ಕೆಟ್ಟ ಮೇಲೆ ನೋಡೋದಲ್ಲ, ಇಷ್ಟು ಗಂಟೆ ಓಡಿದ್ಮೇಲೆ ತೆಗೆದು ನೋಡಬೇಕು ಅಂತ ಲೆಕ್ಕ ಇಟ್ಟಿರ್ತಾರೆ. ಬೆಳಿಗ್ಗೆ ಲಾಂಚ್ ಹತ್ತಿದೋರಿಗೆ ಆ ಕೆಲಸ ಕಾಣಂಗಿಲ್ಲ. ಸರಿಯಾಗಿ ಆಗಿದ್ರೆ ಏನೂ ಆಗಂಗಿಲ್ಲ, ಅದೇ ಅದರ ಗುರುತು.

ಅಣೆಕಟ್ಟಿಗೆ ಕಲ್ಲು ನೆಡ್ತಾರೆ, ಸೇತುವೆಗೂ ನೆಡ್ತಾರೆ, ಕಟ್ಟಿಸಿದೋರ ಹೆಸರು ಕೆತ್ತುತ್ತಾರೆ. ತಪ್ಪೇನಿಲ್ಲ. ಆದ್ರೆ ನಡುವಿನ ಅಷ್ಟು ವರ್ಷ ತಲೆಗೂದಲಿನ ಲೆಕ್ಕದ ಸಂದು ಕಾದು ಜನರನ್ನ ದಡ ಮುಟ್ಟಿಸಿದ ಮಸಿ ಕೈಗಳಿಗೆ ಎಲ್ಲೂ ಕಲ್ಲಿಲ್ಲ. ದಿನಾ ಮಾಡಿದ್ರೆ ಯಾರಿಗೂ ಕಾಣದ, ಒಂದಿನ ಬಿಟ್ರೆ ಮನೆಗೆಲ್ಲ ಕಾಣೋ ಕೆಲಸ ಯಾವುದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ನಿಮ್ಮ ಮನೆ ಹಿತ್ತಲಾಗೆ, ಹಳೇ ಗಿರಣಿಯಾಗೆ ಇಂಥ ಇಂಜಿನ್ ಇನ್ನೂ ಬಿದ್ದಿದ್ರೆ ಗುಜರಿಯವನಿಗೆ ಹಾಕೋ ಮುಂಚೆ ಒಂದು ಕೆಲಸ ಮಾಡಿ. ಅದನ್ನ ಓಡಿಸಿದ ಮಾವನೋ ಚಿಕ್ಕಪ್ಪನೋ ಇದ್ರೆ ಪಕ್ಕ ಕೂತು ಕೇಳಿ: ಯಾವ ವರ್ಷ ತಂದಿದ್ದು, ಎಷ್ಟು ಸಂದು ಬಿಡ್ತಿದ್ರಿ, ಯಾರ ಹತ್ರ ಕಲಿತ್ರಿ. ಮಕ್ಕಳ ನೋಟ್‌ಬುಕ್ಕಿನ ಕೊನೇ ಹಾಳೆಯಾಗಾದ್ರೂ ಬರೆದಿಡಿ.