ಹೆಸರಿಡದ ಚಿತ್ರ

ಜಯನಗರದ ನಮ್ಮ ಮನೆಯ ನಡುಮನೆಯಲ್ಲಿ ನಾನೇ ಬರೆದ ಚಿತ್ರವೊಂದು ತೂಗುತ್ತಿದೆ. ಸುತ್ತ ಕಪ್ಪು, ನಡುವೆ ಬಿಳಿಯ ಚೌಕ, ಅಷ್ಟೆ. ಬಂದವರು 'ಇದು ಕಿಟಕಿಯೇ?' ಎಂದು ಕೇಳುವುದುಂಟು. ನಾನು ನಕ್ಕು ಸುಮ್ಮನಾಗುತ್ತೇನೆ.

ಅದರ ಹುಟ್ಟು ೧೯೭೫ರ ಜುಲೈ ತಿಂಗಳಿನದು. ಜೂನ್ ೨೫ರ ರಾತ್ರಿ ತುರ್ತುಪರಿಸ್ಥಿತಿಯನ್ನು ಸಾರಿದ್ದರು. ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಮರುದಿನವೇ ಬಂಧಿಸಿ ಇಲ್ಲಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಿತು. ದೆಹಲಿಯ ಇಂಡಿಯನ್ ಎಕ್ಸ್‌ಪ್ರೆಸ್ ೨೮ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಮಿತ್ರರೊಬ್ಬರು ಆ ಸಂಚಿಕೆಯನ್ನು ಮಡಿಸಿ ತಂದು ತೋರಿಸಿದರು. ಅಚ್ಚಾಗದ ಆ ಜಾಗ ನನ್ನ ಕಣ್ಣಿಗೆ ಕಟ್ಟಿತು.

ಆದರೆ ನಾನು ಮೊದಲು ಬರೆದದ್ದು ಬಿಳಿಯ ಚೌಕವನ್ನಲ್ಲ. ಜೈಲಿನ ಕಂಬಿ, ಅದರ ಹಿಂದೊಂದು ಮುಖ. ಆಗ ನಾನು ಸರಕಾರಿ ನೌಕರ. ನನ್ನಾಕೆ ಬೀದಿಯ ಬಾಗಿಲಿಗೆ ಅಗುಳಿ ಹಾಕಿ ಬಂದು, 'ಏನೂಂದ್ರೆ, ಇದನ್ನು ಯಾರಾದರೂ ನೋಡಿದರೆ?' ಎಂದಳು. ಆ ರಾತ್ರಿಯೇ ಮುಖದ ಮೇಲೆ ಬಿಳಿ ಬಣ್ಣ ಬಳಿದೆ, ಕಂಬಿಗಳ ಮೇಲೆ ಕಪ್ಪು. ನೋಡಿದವರು ನವ್ಯಕಲೆ ಎಂದು ಹೊಗಳಿದರು. ನಾನು ಅಲ್ಲವೆನ್ನಲಿಲ್ಲ.

ಅಮೆರಿಕದ ಚಿತ್ರಕಾರ ರಾಬರ್ಟ್ ಮದರ್‌ವೆಲ್‌ನದೂ ಕಪ್ಪು ಬಿಳುಪಿನ ಕತೆಯೇ. ಸ್ಪೇನಿನ ಗಣರಾಜ್ಯ ಬಿದ್ದದ್ದು ೧೯೩೯ರಲ್ಲಿ. ಸುಮಾರು ಹತ್ತು ವರ್ಷ ಕಳೆದ ಮೇಲೆ ಆತ ಅದಕ್ಕಾಗಿ ಅಳತೊಡಗಿದ. ಬಿಳಿಯ ನೆಲದ ಮೇಲೆ ನೆಟ್ಟನೆ ನಿಂತ ಕಪ್ಪು ಪಟ್ಟಿಗಳು, ಅವುಗಳ ನಡುವೆ ಸಿಕ್ಕಿಕೊಂಡ ಮೊಟ್ಟೆಯಾಕಾರಗಳು. ಇಂಥ ಚಿತ್ರಗಳನ್ನು ಆತ ನೂರಕ್ಕೂ ಮಿಕ್ಕಿ ಬರೆದ. ಎಷ್ಟು ಹುಡುಕಿದರೂ ಅವುಗಳಲ್ಲಿ ಸ್ಪೇನ್ ಕಾಣದು. ಆದರೆ ಸ್ಪೇನ್ ಗಣರಾಜ್ಯಕ್ಕೆ ಶೋಕಗೀತೆ ಎಂದು ಆತ ಅವಕ್ಕೆ ಹೆಸರಿಟ್ಟ. ಆಕಾರ ಹೇಳದ್ದನ್ನು ಹೆಸರು ಹೇಳಿತು. (ದೂರದ ಅಮೆರಿಕದಲ್ಲಿ ಕುಳಿತವನಿಗೆ ಫ್ರಾಂಕೋನ ಪೊಲೀಸರ ಭಯವಿರಲಿಲ್ಲ, ನಿಜ.) ನನ್ನ ಚಿತ್ರಕ್ಕೆ ಆಕಾರವೂ ಇಲ್ಲ, ಹೆಸರೂ ಇಲ್ಲ. ಅದನ್ನು ಅಮೂರ್ತಗೊಳಿಸಿದ್ದು ಕಲೆಯಲ್ಲ, ಅಂಜಿಕೆ.

೧೯೭೬ರ ಮೇ ತಿಂಗಳಲ್ಲಿ 'ಸಂಸ್ಕಾರ' ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿಯವರು ಬಂಧಿತರಾದರು. ಉಬ್ಬಸದ ಆ ಹೆಣ್ಣುಮಗಳು ಅದೇ ಸೆಂಟ್ರಲ್ ಜೈಲಿನಲ್ಲಿ ಸುಮಾರು ಎಂಟು ತಿಂಗಳು ಕಳೆದರು. ಹೊರಗೆ ಬಂದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿ ೨೦ರಂದು, ತೀರಿಕೊಂಡರು. ಸುದ್ದಿ ತಿಳಿದ ರಾತ್ರಿ ಚಿತ್ರವನ್ನು ಗೋಡೆಯಿಂದಿಳಿಸಿ ಹಿಂಬದಿಯಲ್ಲಿ ಅವರ ಹೆಸರು ಬರೆಯಹೊರಟೆ. ಬರೆದದ್ದು ತಾರೀಖನ್ನು ಮಾತ್ರ, ಅದೂ ಪೆನ್ಸಿಲಿನಲ್ಲಿ.

ಮಾರ್ಚಿ ೨೧ರಂದು ತುರ್ತುಪರಿಸ್ಥಿತಿ ತೆರವಾಯಿತು. ಆ ಜೈಲೇ ಈಗ ಫ್ರೀಡಂ ಪಾರ್ಕ್ ಆಗಿದೆ. ಮೊನ್ನೆ ಗೋಡೆಗೆ ಸುಣ್ಣ ಬಳಿಸುವಾಗ ಚಿತ್ರವನ್ನು ಇಳಿಸಿದ್ದೆವು. ಪೆನ್ಸಿಲಿನ ಗುರುತು ಇನ್ನೂ ಇತ್ತು. ಮೊಮ್ಮಗಳು ಅದನ್ನು ಓದಿ, 'ಇದು ಯಾರ ಹುಟ್ಟುಹಬ್ಬ, ತಾತ?' ಎಂದು ಕೇಳಿದಳು.