ಕೆಲಸದ ವ್ಯಾನು: ಸ್ಟೀರಿಂಗ್ ಯಾರ ಕೈಲಿ?

ನಮ್ಮ ಹಗರಿಬೊಮ್ಮನಹಳ್ಳಿ ಕಡೆಯಿಂದ ಹೊಸಪೇಟೆಗೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ದಿನಾ ಹೋಗಿ ಬರಬೇಕು ಅಂದ್ರೆ ಬೈಕಿನ ಪೆಟ್ರೋಲೇ ಸಂಬಳ ತಿನ್ನುತ್ತೆ. ಕೆಲಸ ಕೊಟ್ಟೋರೇ ವ್ಯಾನೂ ಕೊಟ್ರೆ? ಈ ಯೋಚನೆಗೆ 50 ವರ್ಷ ದಾಟಿದೆ.

1973ರ ಏಪ್ರಿಲ್. ಅಮೆರಿಕದ ಮಿನ್ನೆಸೋಟದಲ್ಲಿ, ಸ್ಕಾಚ್ ಟೇಪ್ ಮಾಡೋ 3ಎಂ ಕಂಪನಿ ಆರು ವ್ಯಾನ್ ರಸ್ತೆಗಿಳಿಸಿತು. ಡ್ರೈವರ್‌ಗಳನ್ನ ನೇಮಿಸಲಿಲ್ಲ. ಅದೇ ದಾರೀಲಿ ಬರೋ ಒಬ್ಬ ನೌಕರನ ಕೈಗೇ ಕೀಲಿ ಕೊಟ್ಟಿತು. ಅವನಿಗೆ ಪ್ರಯಾಣ ಪುಕ್ಕಟೆ, ಉಳಿದವರು ತಿಂಗಳಿಗಿಷ್ಟು ಅಂತ ಕೊಡಬೇಕು. ಖರ್ಚು ಅದರಲ್ಲೇ ಹುಟ್ಟಬೇಕು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಆಮೇಲೆ ಬೇರೆ ಕಂಪನಿಗಳೂ ಇದೇ ದಾರಿ ಹಿಡಿದವು.

ನಮ್ಮಲ್ಲಿ ಕಥೆ ಬೇರೆ. ಬೆಂಗಳೂರಿನ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾಲದಲ್ಲಿ ಕಾರ್ಖಾನೆ ಬಸ್ಸು ಓಡಾಡ್ತಿತ್ತು. ಬೀದಿ ತುದೀಲಿ ಬಸ್ಸು ಬಂತು ಅಂದ್ರೆ ಮನೆಯವರಿಗೆ ಗಡಿಯಾರ ನೋಡೋ ಕೆಲಸಾನೇ ಇರಲಿಲ್ಲ. ಐಟಿ ಕಂಪನಿಗಳು ಬಂದಮೇಲೆ ಗುತ್ತಿಗೆ ಕ್ಯಾಬ್ ಬಂತು. ಡ್ರೈವರ್ ಯಾರು ಅಂತ ಹತ್ತೋರಿಗೇ ಗೊತ್ತಿರದ ಕಾಲ ಅದು.

2005ರ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳ ಮನೆ ಮುಂದೆ ಬಂದವನು ಅವತ್ತಿನ ಡ್ರೈವರೇ ಅಲ್ಲ. ಅವಳು ಆಫೀಸ್ ಮುಟ್ಟಲಿಲ್ಲ, ಕೊಲೆಯಾದಳು. ಬೆಂಗಳೂರು ನಡುಗಿಹೋಯ್ತು. ಹೆಣ್ಣುಮಕ್ಕಳನ್ನ ಮೊದಲು ಹತ್ತಿಸಬಾರದು, ಕೊನೆಗೆ ಇಳಿಸಬಾರದು ಅಂತ ಇವತ್ತು ರಾತ್ರಿ ಪಾಳಿಯ ನಿಯಮ ಇದೆಯಲ್ಲ, ಅದರ ಬೆಲೆ ಆ ರಾತ್ರಿ ನೆನಪಿರೋರಿಗೆ ಗೊತ್ತು.

ಹಾಗಾದ್ರೆ 3ಎಂ ಥರ ನಮ್ಮೂರಿನವನೇ ಓಡಿಸಲಿ ಅಂತೀರಾ? ನನಗೂ ಅದೇ ಇಷ್ಟ. ಆದ್ರೆ 1988ರ ಮೋಟಾರು ವಾಹನ ಕಾಯ್ದೆ ಅಡ್ಡ ಬರುತ್ತೆ. ಕಂಪನಿ ತನ್ನ ವ್ಯವಹಾರಕ್ಕೆ ಜನರನ್ನ ಸಾಗಿಸೋಕೆ ಇಟ್ಟುಕೊಂಡ, ಡ್ರೈವರ್ ಬಿಟ್ಟು ಆರಕ್ಕಿಂತ ಹೆಚ್ಚು ಜನ ಕೂರೋ ಗಾಡಿಗೆ ಅದು ‘ಖಾಸಗಿ ಸೇವಾ ವಾಹನ’ ಅನ್ನುತ್ತೆ. ಅದಕ್ಕೆ ಪರ್ಮಿಟ್ ಬೇಕು, ಬಾಡಿಗೆಗೆ ಓಡಿಸೋ ಹಾಗಿಲ್ಲ. ಅಂದ್ರೆ ಸೀಟಿಗಿಷ್ಟು ಅಂತ ವಸೂಲಿ ಮಾಡೋ ಅಮೆರಿಕದ ಲೆಕ್ಕ ಇಲ್ಲಿ ಹಾಗೇ ಕೂರಲ್ಲ. ಬಿಳಿ ಬೋರ್ಡ್ ಕ್ರೂಸರ್‌ನಲ್ಲಿ ಚೀಟಿ ಎತ್ತಿದ ಹಾಗೆ ದುಡ್ಡು ಕೂಡಿಸಿ ಹೋಗೋದೂ ಕಾನೂನಿಗೆ ಒಪ್ಪಿಗೆ ಇಲ್ಲ. ಅಪಘಾತ ಆದ್ರೆ ವಿಮೆಯವರು ಮೊದಲು ಕೇಳೋದು ಅದನ್ನೇ. ಉಳಿದಿರೋ ದಾರಿ, ಖರ್ಚು ಕಂಪನಿಯದ್ದು, ಪರ್ಮಿಟ್ ಸರಿಯಾಗಿರಬೇಕು, ಡ್ರೈವರ್ ಹೆಸರು ಫೋಟೋ ಮೊದಲೇ ಎಲ್ಲರ ಮೊಬೈಲಿಗೆ ಬರಬೇಕು. ನಿಮ್ಮ ಮ್ಯಾನೇಜರ್‌ನ ಕೇಳೋದಿದ್ರೆ ಈ ಮೂರನ್ನೇ ಕೇಳಿ.